ಒದ್ದೆ ಕೊಡೆ ನೆನಪಿದೆ, ಕೊಲೆಗಾರ ಯಾರೋ ನೆನಪಿಲ್ಲ

ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆ ಆಗಿತ್ತು. ತೆರೆಯ ಮೇಲೆ ಮಬ್ಬುಗತ್ತಲೆಯ ಮೆಟ್ಟಿಲು. ಗೋಡೆಗೆ ಒರಗಿಸಿಟ್ಟ ಕಪ್ಪು ಕೊಡೆಯಿಂದ ನೀರು ಒಂದೊಂದೇ ಹನಿಯಾಗಿ ಕೆಳಗಿನ ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು. ಅಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ಹಾಗೇ ಮಡಿಲಲ್ಲಿ ಬಿಟ್ಟು, "ರೀ, ಇದನ್ನ ನೋಡಿದ್ದೀವಿ ಅಲ್ವಾ?" ಅಂದಳು.

"ಎರಡು ಸಲ," ಅಂದರು ಭಾವ, ತೆರೆಯಿಂದ ಕಣ್ಣು ಕೀಳದೆ.

"ಹಾಗಾದ್ರೆ ಕೊಂದಿದ್ದು ಯಾರು?"

"ಎರಡು ಸಲ ನೋಡಿದವಳು ನೀನು. ನೀನೇ ಹೇಳು."

ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಕೊಡೆ ನೆನಪಿತ್ತು. ಹನಿ ಬೀಳುವ ಸದ್ದು ನೆನಪಿತ್ತು. ಪಕ್ಕದ ಬಾಗಿಲು ಅರ್ಧ ತೆರೆದಿರುತ್ತದೆ ಅನ್ನುವುದನ್ನು ಅದು ತೆರೆಯ ಮೇಲೆ ಬರುವ ಮೊದಲೇ ಹೇಳಿದಳು. ಬಾಗಿಲ ಹಿಂದೆ ಯಾರಿದ್ದಾರೆ, ಏಕಿದ್ದಾರೆ ಅನ್ನುವುದು ಮಾತ್ರ ಪೂರ್ತಿ ಖಾಲಿ. ಕೊನೆಯಲ್ಲಿ ಗುಟ್ಟು ಬಯಲಾದಾಗ ಮೂರನೇ ಸಲವೂ ಮೊದಲ ಸಲದ ಹಾಗೇ ಬೆಚ್ಚಿಬಿದ್ದಳು. ನಾನೂ ಭಾವನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕ ನಗಲಿಲ್ಲ.

ಅವಳು ಯಾಕೆ ನಗಲಿಲ್ಲ ಅನ್ನುವುದು ಆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂದಾಗ ತಿಳಿಯಿತು. "ಅಮ್ಮನಿಗೂ ಹೀಗೇ ಶುರುವಾಗಿದ್ದಲ್ವೇನೋ?"

ಅಮ್ಮ ಮರೆವಿನ ಕಾಯಿಲೆಯಲ್ಲಿ ಕಳೆದ ಕೊನೆಯ ವರ್ಷಗಳನ್ನು ನಾವಿಬ್ಬರೂ ಹತ್ತಿರದಿಂದ ಕಂಡವರು. ಆದ್ದರಿಂದ ಈ ಪ್ರಶ್ನೆಗೆ ಸುಮ್ಮನೆ ಒಂದು ಸಮಾಧಾನ ಹೇಳಿ ಫೋನ್ ಇಡುವುದು ಸಾಧ್ಯವಿರಲಿಲ್ಲ. ಮುಂದಿನ ಮೂರು ತಿಂಗಳು ಅಕ್ಕನ ಸಿನಿಮಾ ಮರೆವನ್ನು ನಾವು ಮೂವರೂ ಸೇರಿ ಬೆನ್ನುಹತ್ತಿದೆವು. ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ನೆನಪಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಇರುವವನು, ಅಷ್ಟೇ. ಅಕ್ಕ ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾಳೆ.

ಅವಳಿಗೆ 47 ವರ್ಷ. ಲೆಕ್ಕಪತ್ರ ತಪಾಸಣೆ ಅವಳ ಕೆಲಸ. ಮೂರು ವರ್ಷದ ಹಿಂದೆ ಯಾವ ಖಾತೆಯಲ್ಲಿ ಎರಡು ಅಂಕಿ ಅದಲುಬದಲಾಗಿದ್ದವು ಅನ್ನುವುದನ್ನು ಕಡತ ತೆರೆಯದೆ ಹೇಳುತ್ತಾಳೆ. ಮನೆಮಂದಿಯ ಹುಟ್ಟಿದ ದಿನಗಳು, ನಾನೇ ಮರೆತ ನನ್ನ ಹಳೇ ಫೋನ್ ನಂಬರು, ಏಳನೇ ವಯಸ್ಸಿನಲ್ಲಿ ನಾನು ಬಿಚ್ಚಿ ಹಾಳುಮಾಡಿದ ಗಡಿಯಾರ, ಎಲ್ಲ ಅವಳ ನಾಲಗೆಯ ತುದಿಯಲ್ಲೇ ಇವೆ. ಓದಿದ ಕಾದಂಬರಿಯ ಕಥೆಯೂ ಸುಮಾರಾಗಿ ನಿಲ್ಲುತ್ತದೆ. ಸಿನಿಮಾ ಮತ್ತು ಟಿವಿ ಸರಣಿಯ ಕಥೆ ಮಾತ್ರ ಎರಡು ವಾರ ಕಳೆದರೆ ಇಲ್ಲ. ಸರಣಿಯ ಎರಡನೇ ಸೀಸನ್ ಬಂತೆಂದರೆ ಅವಳಿಗೆ ಸಂಕಟ. ಮೊದಲ ಸೀಸನ್ನಿನಲ್ಲಿ ಸತ್ತವರು ಯಾರು, ಬದುಕಿದ್ದವರು ಯಾರು ಅನ್ನುವುದೂ ಗೊತ್ತಿರುವುದಿಲ್ಲ. ಕಚೇರಿಯಲ್ಲಿ ಯಾರಾದರೂ ಸಿನಿಮಾ ಮಾತು ತೆಗೆದರೆ "ಚೆನ್ನಾಗಿತ್ತು" ಅಂದು ನೀರಿನ ಬಾಟಲಿ ತುಂಬಿಸಲು ಎದ್ದು ಹೋಗುತ್ತಾಳೆ.

ಮೊದಲು ವೈದ್ಯರು. ಇಲ್ಲಿ ಜಾಣತನ ತೋರಿಸುವುದು ಬೇಡ ಅನ್ನುವುದು ನನ್ನ ಹಟವಾಗಿತ್ತು. ವೈದ್ಯರು ಅಕ್ಕನಿಗಿಂತ ಭಾವನನ್ನೇ ಹೆಚ್ಚು ಕೇಳಿದರು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರಾ? ಗೊತ್ತಿರುವ ದಾರಿಯಲ್ಲಿ ಗೊಂದಲವಾಗಿದೆಯಾ? ಹಣದ ವ್ಯವಹಾರ ತಪ್ಪಿದೆಯಾ? ಮೊದಲಿಗಿಂತ ಈಗ ಬದಲಾವಣೆ ಕಾಣುತ್ತಾ? ಎಲ್ಲದಕ್ಕೂ ಇಲ್ಲ. ಥೈರಾಯ್ಡ್ ನೋಡಿಸಿದರು, ಬಿ12 ನೋಡಿಸಿದರು. ನಿದ್ದೆ, ಗೊರಕೆ, ಮನಸ್ಸಿನ ಬೇಸರ, ನುಂಗುವ ಮಾತ್ರೆಗಳು, ಎಲ್ಲ ವಿಚಾರಿಸಿದರು. ಇವುಗಳಲ್ಲಿ ಯಾವುದು ಹದ ತಪ್ಪಿದರೂ ನೆನಪು ಮಂಕಾಗಬಹುದು, ಸರಿಪಡಿಸಿದರೆ ತಿಳಿಯಾಗಲೂಬಹುದು. ಆಮೇಲೆ 30 ಅಂಕದ ಒಂದು ಚಿಕ್ಕ ಪರೀಕ್ಷೆ. ಮಾಂಟ್ರಿಯಲ್‌ನಲ್ಲಿ ರೂಪುಗೊಂಡು 2005ರಲ್ಲಿ ಪ್ರಕಟವಾದದ್ದು, ಈಗ ಎಲ್ಲೆಡೆ ಬಳಕೆಯಲ್ಲಿದೆ. ಗಡಿಯಾರದ ಚಿತ್ರ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಐದು ಪದ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಒಪ್ಪಿಸಬೇಕು. 26 ಬಂದರೆ ಸಾಮಾನ್ಯ. ಅಕ್ಕನಿಗೆ 29 ಬಂತು. ಆ ಒಂದು ಅಂಕ ಎಲ್ಲಿ ಹೋಯಿತು ಅಂತ ಹೊರಗೆ ಬಂದವಳು ದಾರಿಯುದ್ದಕ್ಕೂ ತಲೆ ತಿಂದಳು. ಲೆಕ್ಕ ತಪಾಸಣೆಯವರ ಬುದ್ಧಿ ಎಲ್ಲಿ ಹೋಗಬೇಕು.

ವೈದ್ಯರಿಗಿಂತ ಹೆಚ್ಚು ಧೈರ್ಯ ಕೊಟ್ಟದ್ದು ಭಾವನ ಒಂದು ಮಾತು. "ಇವಳು ಮದುವೆಯಾದಾಗಿನಿಂದ ಹೀಗೇ ಅಲ್ವಾ!" ಹೌದು, ಕಾಲೇಜಿನಲ್ಲೂ ಹೀಗೇ ಇದ್ದಳು. ಗೆಳತಿಯರ ಜೊತೆ ಸಿನಿಮಾಗೆ ಹೋಗಿ ಬಂದವಳನ್ನು ಕಥೆ ಕೇಳಿದರೆ ನಾಯಕಿಯ ಕಿವಿಯೋಲೆ ವರ್ಣಿಸುತ್ತಿದ್ದಳು. ಹೊಸದಾಗಿ ಬಂದ ಮರೆವು ಬೇರೆ, ಹುಟ್ಟಿದಾಗಿನಿಂದ ಜೊತೆಗಿರುವ ಮರೆವು ಬೇರೆ. ಅಮ್ಮನದು ಕೇಳಿದ ಪ್ರಶ್ನೆಯನ್ನೇ ಐದು ನಿಮಿಷಕ್ಕೆ ಮತ್ತೆ ಕೇಳುವುದರಿಂದ ಶುರುವಾಗಿತ್ತು. ಇದನ್ನೆಲ್ಲ ಆಡಿ ಮುಗಿಸಿದ ಮೇಲೆ ಅಕ್ಕನ ಭಯ ಇಳಿಯಿತು. ಆದರೆ ಪ್ರಶ್ನೆ ಹಾಗೇ ಉಳಿಯಿತು. ಕಾಯಿಲೆಯಲ್ಲದಿದ್ದರೆ ಮತ್ತೇನು?

ಪರೀಕ್ಷೆ ಮಾಡುವುದಾದರೆ ಹೋಲಿಸಲು ಇನ್ನೊಬ್ಬರು ಬೇಕಲ್ಲ. ಭಾವನನ್ನೇ ಕೂರಿಸಿದೆ. ತಿಂಗಳ ಹಿಂದೆ ಇಬ್ಬರೂ ಒಟ್ಟಿಗೆ ನೋಡಿದ ಒಂದು ಸಿನಿಮಾದ ಕಥೆ ಹೇಳಿ ಅಂದೆ. ಕುರ್ಚಿಗೆ ಒರಗಿ ಹತ್ತು ನಿಮಿಷ ನಿರರ್ಗಳವಾಗಿ ಹೇಳಿದರು. ಆಮೇಲೆ ಸಿನಿಮಾ ಹಾಕಿ ತಾಳೆ ನೋಡಿದರೆ, ಅವರು ಹೇಳಿದ ರೈಲು ನಿಲ್ದಾಣದ ಹೊಡೆದಾಟ ಆ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಅದು ಬೇರೆ ಯಾವುದೋ ಸಿನಿಮಾದ್ದು. ತಮ್ಮ ಸಾಯುವುದಿಲ್ಲ, ಜೈಲಿಗೆ ಹೋಗುತ್ತಾನೆ. ಅಕ್ಕನ ಮುಖ ನೋಡಬೇಕಿತ್ತು. ಇಷ್ಟು ವರ್ಷ ಮನೆಯಲ್ಲಿ ನೆನಪಿನ ಭಂಡಾರ ಅನ್ನಿಸಿಕೊಂಡಿದ್ದ ಮನುಷ್ಯ!

ಭಾವನ ಪರವಾಗಿ ಹೇಳಬೇಕೆಂದರೆ, ಎಲ್ಲರ ನೆನಪೂ ಕೆಲಸ ಮಾಡುವುದು ಹೀಗೇ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದ್ದರು. ಹೇಳುತ್ತ ಹೇಳುತ್ತ ಕಥೆಯ ಕಿರುದೋಣಿ ಅವರಿಗೆ ಪರಿಚಯವಿರುವ ಮಾಮೂಲಿ ದೋಣಿಯಾಯಿತು, ಸೀಲ್ ಬೇಟೆ ಹೋಗಿ ಮೀನು ಹಿಡಿಯುವುದಾಯಿತು, ಅರ್ಥವಾಗದ ಭಾಗಗಳು ಉದುರಿದವು. ನೆನಪು ಕಥೆಯನ್ನು ಪೆಟ್ಟಿಗೆಯಿಂದ ಇಟ್ಟ ಹಾಗೇ ತೆಗೆದುಕೊಡುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತದೆ. ಸಿಗದ ಇಟ್ಟಿಗೆಯ ಜಾಗಕ್ಕೆ ಕೈಗೆ ಸಿಕ್ಕ ಇನ್ನೊಂದನ್ನು ಇಡುತ್ತದೆ. ಭಾವ ಕಟ್ಟಿದರು, ಅಕ್ಕ ಕಟ್ಟಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಅಭ್ಯಾಸ ಅವಳಿಗೆ ವೃತ್ತಿಯಿಂದ ಬಂದಿರಬಹುದು. "ನನಗೆ ಒಂದೂ ನೆನಪಿರಲ್ಲ" ಎಂದು ಹೇಳಿಕೊಳ್ಳುವ ಎಷ್ಟೋ ಜನರ ವಿಷಯದಲ್ಲೂ ಅರ್ಧ ಸಮಸ್ಯೆ ಇಷ್ಟೇ ಇರಬೇಕು ಅನ್ನುವುದು ನನ್ನ ಗುಮಾನಿ. ಪಕ್ಕದವರ ಧೈರ್ಯದ ಮಾತನ್ನು ಅವರು ನೆನಪು ಅಂದುಕೊಂಡಿರುತ್ತಾರೆ.

ಆದರೂ ಜನರ ನಡುವೆ ವ್ಯತ್ಯಾಸ ಇರುವುದು ಸುಳ್ಳಲ್ಲ. 2017ರ ಒಂದು ಅಧ್ಯಯನದಲ್ಲಿ ಜಾನಿಸ್ ಚೆನ್ ಮತ್ತು ಸಂಗಡಿಗರು ಒಂದು ಪತ್ತೇದಾರಿ ಟಿವಿ ಸರಣಿಯ ಸುಮಾರು 50 ನಿಮಿಷದ ಭಾಗವನ್ನು 17 ಜನರಿಗೆ ತೋರಿಸಿದರು. ನೋಡಿದ್ದೂ ಮಿದುಳಿನ ಸ್ಕ್ಯಾನರ್‌ನೊಳಗೆ ಮಲಗಿಕೊಂಡೇ, ಆಮೇಲೆ ಕಥೆ ಹೇಳಿದ್ದೂ ಅಲ್ಲೇ. ಒಬ್ಬರು ಹನ್ನೊಂದು ನಿಮಿಷದೊಳಗೆ ಮುಗಿಸಿದರೆ ಇನ್ನೊಬ್ಬರು 44 ನಿಮಿಷ ಹತ್ತಿರ ಹತ್ತಿರ ಹೇಳಿದರು. ಎಲ್ಲರೂ ನೋಡಿದ್ದು ಅದನ್ನೇ, ಅದೂ ಆಗತಾನೇ. ಆರೋಗ್ಯವಂತರಲ್ಲೇ ಅಂತರ ನಾಲ್ಕು ಪಟ್ಟು. ಇದನ್ನು ಓದಿ ಹೇಳಿದಾಗ ಅಕ್ಕ, "ನಾನಾಗಿದ್ರೆ ಆರು ನಿಮಿಷ" ಅಂದಳು.

ನಿಜಕ್ಕೂ ಎಷ್ಟು ಹೇಳುತ್ತಾಳೆ ನೋಡೋಣ ಅಂತ ಹೊಸ ಸಿನಿಮಾ ಒಂದನ್ನು ಆರಿಸಿದೆ. ಮೂರು ವಾರ ಬಿಟ್ಟು ಕೇಳಿದೆ. ಕಥೆ ಹೇಳು ಅಂದಾಗ ನಾಲ್ಕು ವಾಕ್ಯ ಬಂತು. ನಾನು ಫೋನಿನಲ್ಲಿ ಹಿಡಿದಿಟ್ಟಿದ್ದ ಇಪ್ಪತ್ತು ದೃಶ್ಯಗಳ ಸ್ಥಿರಚಿತ್ರ ತೋರಿಸಿದಾಗ ಹತ್ತೊಂಬತ್ತನ್ನು ಗುರುತು ಹಿಡಿದಳು. ನಡುವೆ ಸೇರಿಸಿದ್ದ ಬೇರೆ ಸಿನಿಮಾದ ಚಿತ್ರಗಳನ್ನು ಒಂದೂ ಬಿಡದೆ ಆಚೆ ಹಾಕಿದಳು. ಇದರಲ್ಲಿ ಆಶ್ಚರ್ಯವೇನಿಲ್ಲ. ಲಯನಲ್ ಸ್ಟ್ಯಾಂಡಿಂಗ್ 1973ರಲ್ಲಿ ಜನರಿಗೆ 10,000 ಚಿತ್ರಗಳನ್ನು ತೋರಿಸಿ ಆಮೇಲೆ ಪರೀಕ್ಷಿಸಿದಾಗ ಅವರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸರಿ ಗುರುತಿಸಿದ್ದರು. ಕಂಡದ್ದನ್ನು "ಕಂಡಿದ್ದೇನೆ" ಅನ್ನುವುದು ಮನುಷ್ಯನಿಗೆ ಸುಲಭ. ಕಾಣದೆ ಇರುವಾಗ ಅದನ್ನು ಮನಸ್ಸಿನಿಂದ ಹೆಕ್ಕಿ ತೆಗೆಯುವುದು ಕಷ್ಟ. ಮುಕ್ಕಾಲು ಗಂಟೆ ಆದಮೇಲೆ ಕೊಡೆ ಕಂಡು "ನೋಡಿದ್ದೀವಿ" ಅಂದದ್ದು ಮೊದಲನೆಯದು, ಕೊಂದವರು ಯಾರು ಅಂತ ಕೇಳಿದ್ದು ಎರಡನೆಯದು.

ಆಮೇಲೆ ಆ ಚಿತ್ರಗಳನ್ನೇ ಮೇಜಿನ ಮೇಲೆ ಕ್ರಮವಾಗಿ ಜೋಡಿಸು ಅಂದೆ. ಇಲ್ಲಿ ಕೈ ನಿಂತಿತು. ಕಾಗದ ಹರಿಯುವ ದೃಶ್ಯವನ್ನು ಎತ್ತಿಕೊಂಡು ಒಮ್ಮೆ ಆಸ್ಪತ್ರೆಯ ದೃಶ್ಯದ ಮುಂದೆ ಇಟ್ಟಳು, ಒಮ್ಮೆ ಹಿಂದೆ ಇಟ್ಟಳು, ಕೊನೆಗೆ ಕೈಯಲ್ಲೇ ಹಿಡಿದುಕೊಂಡು ಕೂತಳು. "ಇವನು ಯಾಕೆ ಹರಿದ?" ಅಂತ ನನ್ನನ್ನೇ ಕೇಳಿದಳು. ಇಡೀ ಮೂರು ತಿಂಗಳಲ್ಲಿ ನನಗೆ ಏನಾದರೂ ಹೊಳೆದದ್ದಿದ್ದರೆ ಅದು ಈ ಪ್ರಶ್ನೆಯಿಂದ. ಅವಳ ಹತ್ತಿರ "ಏನು" ಇದೆ, "ಯಾಕೆ" ಇಲ್ಲ. ಕಥೆ ಅಂದರೆ "ಯಾಕೆ"ಗಳ ಸರಪಳಿ. ಟ್ರಬಾಸೊ ಮತ್ತು ವಾನ್ ಡೆನ್ ಬ್ರೂಕ್ 1985ರಲ್ಲಿ ತೋರಿಸಿದ್ದೂ ಇದನ್ನೇ. ಕಥೆಯಲ್ಲಿ ಯಾವ ಘಟನೆಗೆ ಕಾರಣದ ಕೊಂಡಿಗಳು ಹೆಚ್ಚೋ ಅದೇ ಹೆಚ್ಚು ನೆನಪಿರುತ್ತದೆ. ಕೊಂಡಿ ಇಲ್ಲದ ಘಟನೆ ಮೊದಲು ಜಾರುತ್ತದೆ. ಅಂದರೆ ಅಕ್ಕನ ನೆನಪು ಸೋರಿಹೋಗುತ್ತಿದೆ ಎಂದು ನಾವು ಅಂದುಕೊಂಡದ್ದೇ ತಪ್ಪಿರಬಹುದು. ಕಥೆ ಅವಳ ತಲೆಯಲ್ಲಿ ಮೊದಲಿಗೇ ಕಟ್ಟಿಕೊಂಡಿರಲಿಲ್ಲವೇನೋ. ಮರೆಯುವುದು ಆಮೇಲಿನ ಮಾತು.

ಹಾಗಾದರೆ ಕಟ್ಟುವ ಹೊತ್ತಿನಲ್ಲಿ ಅಡ್ಡ ಬರುತ್ತಿದ್ದದ್ದು ಏನು?

ನಾನು ಓದಿ ಇಟ್ಟುಕೊಂಡಿದ್ದ ಕೆಲವು ಅನುಮಾನಗಳು ಬೇಗ ಬಿದ್ದುಹೋದವು. ಮನಸ್ಸಿನ ಕಣ್ಣಿಗೆ ಚಿತ್ರವೇ ಮೂಡದ ಸ್ಥಿತಿ ಕೆಲವರಿಗೆ ಇರುತ್ತದೆ. ಆಡಮ್ ಝೆಮನ್ ಮತ್ತು ಸಂಗಡಿಗರು 2015ರಲ್ಲಿ ಅದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಒದ್ದೆ ಕೊಡೆಯ ಹಿಡಿಯಲ್ಲಿದ್ದ ಗೀರನ್ನೂ ಹೇಳುವವಳಿಗೆ ಅದು ಹೊಂದುವುದಿಲ್ಲ. ಅದೇ ವರ್ಷ ಟೊರಾಂಟೊದ ಸಂಶೋಧಕರು, ಬುದ್ಧಿ ಚುರುಕಾಗಿದ್ದೂ ಸ್ವಂತ ಬದುಕಿನ ಪ್ರಸಂಗಗಳನ್ನು ಮತ್ತೆ ಅನುಭವಿಸಿದಂತೆ ನೆನೆಯಲಾಗದ ಮೂವರ ಬಗ್ಗೆ ಬರೆದಿದ್ದರು. ನನ್ನ ಗಡಿಯಾರದ ಕಥೆಯನ್ನು ಮೂವತ್ತು ವರ್ಷದಿಂದ ಬಿಡದವಳಿಗೆ ಅದೂ ಅಲ್ಲ.

ಸಿಕ್ಕಿದ್ದು ನಾನು ಹುಡುಕದೇ ಇದ್ದದ್ದು. ಒಂದು ಶನಿವಾರ ರಾತ್ರಿ ಮೂವರೂ ನೋಡುತ್ತಿದ್ದೆವು. ನಡುವೆ ರಿಮೋಟ್ ಒತ್ತಿ ನಿಲ್ಲಿಸಿ, ತೆರೆಯ ಮೇಲಿದ್ದ ಗಡ್ಡದವನನ್ನು ತೋರಿಸಿ, "ಇವನು ಯಾರು?" ಅಂದೆ.

"ಲಾಯರು."

ಭಾವ ತಿರುಗಿ ನೋಡಿದರು. "ಲಾಯರಲ್ವೇ, ಸತ್ತವಳ ಗಂಡ."

"ಗಂಡ ಗಡ್ಡ ಬೋಳಿಸಿಕೊಂಡಿದ್ನಲ್ಲ?"

"ಬೋಳಿಸಿಕೊಂಡಿದ್ದು ಲಾಯರು ಕಣೇ."

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಗಡ್ಡ ಇಲ್ಲದೆ ಬ್ಯಾಂಕಿಗೆ ಬಂದವನು ಹೊಸಬ ಅಲ್ವಾ?" ಅಂದಳು.

ತೆರೆಯ ಮೇಲೆ ಇದ್ದದ್ದು ಇಬ್ಬರೇ ಗಂಡಸರು, ಇಬ್ಬರದೂ ಕಪ್ಪು ಕೋಟು. ಅಕ್ಕನ ತಲೆಯಲ್ಲಿ ಮೂವರಿದ್ದರು. ಆ ಮೂವರಲ್ಲಿ ಒಬ್ಬನಿಗೆ ಹಿನ್ನೆಲೆಯೇ ಇಲ್ಲ, ಇನ್ನೊಬ್ಬನಿಗೆ ಇನ್ಯಾರದೋ ಹೆಂಡತಿ. ಬ್ಯಾಂಕಿನಲ್ಲಿ ಸಹಿ ಹಾಕಿದವನೇ ಮೊದಲ ದೃಶ್ಯದಲ್ಲಿ ಉಯಿಲು ಓದಿದವನು ಅನ್ನುವುದು ಗೊತ್ತಾಗದೆ ಹೋದರೆ ಕೊಲೆಗೆ ಕಾರಣ ಎಲ್ಲಿಂದ ಸಿಗಬೇಕು? ಕಾರಣವೇ ಸಿಗದ ಕಥೆಯನ್ನು ಯಾರು ತಾನೇ ನೆನಪಿಟ್ಟುಕೊಂಡಾರು?

ಮುಖ ಗುರುತಿಸಲಾಗದ ಸ್ಥಿತಿಗೆ ಜರ್ಮನ್ ವೈದ್ಯ ಯೋಆಕಿಮ್ ಬೋಡಮರ್ 1947ರಲ್ಲಿ ಪ್ರೊಸೊಪಗ್ನೋಸಿಯಾ ಎಂಬ ಹೆಸರು ಕೊಟ್ಟರು. ಅವರು ನೋಡಿದ್ದು ಮಿದುಳಿಗೆ ಪೆಟ್ಟು ಬಿದ್ದವರನ್ನು. ಪೆಟ್ಟಿಲ್ಲದೆ ಹುಟ್ಟಿನಿಂದಲೇ ಹೀಗಿರುವವರೂ ಇದ್ದಾರೆ. ನೂರರಲ್ಲಿ ಇಬ್ಬರು ಎಂಬ ಅಂದಾಜು ಸಾಮಾನ್ಯವಾಗಿ ಕೇಳಿಬರುತ್ತದೆ. ಅಕ್ಕನಿಗೆ ಆ ಹೆಸರು ಅಂಟಿಸಲು ನಾನು ಯಾರೂ ಅಲ್ಲ. ನಮ್ಮ ಮುಖ, ಭಾವನ ಮುಖ ಅವಳಿಗೆ ಚೆನ್ನಾಗೇ ಗೊತ್ತು. ಆದರೆ ಆ ರಾತ್ರಿ ಮಾತಿಗೆ ಮಾತು ಬಂದು ಕೆಲವು ಸಂಗತಿಗಳು ಹೊರಬಿದ್ದವು. ಕಚೇರಿಯಲ್ಲಿ ಅವಳು ಜನರನ್ನು ಗುರುತಿಸುವುದು ಅವರು ಕೂರುವ ಜಾಗ, ದನಿ, ನಡೆಯುವ ರೀತಿಯಿಂದ. ಎರಡು ವರ್ಷ ಪಕ್ಕದ ಮೇಜಿನಲ್ಲಿದ್ದವರು ಕೂದಲು ಕತ್ತರಿಸಿಕೊಂಡು ಲಿಫ್ಟಿನಲ್ಲಿ ಎದುರಾದಾಗ "ಯಾರು ಬೇಕಾಗಿತ್ತು?" ಅಂತ ಕೇಳಿದ್ದಳಂತೆ. ಎಲ್ಲರಿಗೂ ಹೀಗೇ ಅಂದುಕೊಂಡಿದ್ದಳು. ನಿಜ ಜೀವನದಲ್ಲಿ ಜಾಗ, ದನಿ ಎಲ್ಲ ಕೈಹಿಡಿಯುತ್ತವೆ. ಸಿನಿಮಾದಲ್ಲಿ ಪಾತ್ರ ಪ್ರತಿ ದೃಶ್ಯಕ್ಕೂ ಜಾಗ, ಬಟ್ಟೆ, ಕೆಲವೊಮ್ಮೆ ವಯಸ್ಸನ್ನೇ ಬದಲಿಸುತ್ತದೆ. ಕಾದಂಬರಿ ಅವಳಿಗೆ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ ಅನ್ನಿಸಿತು. ಪುಸ್ತಕದಲ್ಲಿ ಪಾತ್ರ ಬಂದಾಗಲೆಲ್ಲ ಹೆಸರು ಜೊತೆಗೇ ಬರುತ್ತದೆ.

"ಗೊತ್ತಾಗದಿದ್ರೆ ಕೇಳಬೇಕಿತ್ತು ತಾನೇ?" ಅಂದೆ.

ಉತ್ತರ ಕೊಟ್ಟದ್ದು ಭಾವ. "ಮೊದಮೊದಲು ಕೇಳ್ತಿದ್ಲು. ನಾನೇ ರೇಗ್ತಿದ್ದೆ, ಸುಮ್ನೆ ನೋಡು ಅಂತ." ರಿಮೋಟ್ ಕೆಳಗಿಟ್ಟರು. ಅಕ್ಕ ಮತ್ತೆ ಬಟ್ಟೆ ಮಡಿಸತೊಡಗಿದಳು.

ಬಟ್ಟೆ ಮಡಿಸುವುದೂ ನನ್ನ ಅನುಮಾನದ ಪಟ್ಟಿಯಲ್ಲಿತ್ತು, ಫೋನ್ ಕೂಡ. ಬಟ್ಟೆಯದು ಅಂಥ ತಪ್ಪೇನಿರಲಿಲ್ಲ. ಕೈಗೆ ಕೆಲಸ, ಕಣ್ಣು ತೆರೆಯ ಮೇಲೇ ಇರುತ್ತದೆ. ಫೋನಿನದು ಇತ್ತು. ಅದು ಯಾರಿಗೂ ಹೊಸ ವಿಷಯವಲ್ಲ. ಸಂದೇಶ ಓದುವ ಅರ್ಧ ನಿಮಿಷದಲ್ಲಿ ಹೋಗುವುದು ಒಂದು ನೋಟ, ಒಂದು ಕಾಗದ, ಒಂದು "ಯಾಕೆ".

ಹೆಚ್ಚು ಕುತೂಹಲದ್ದು ಮುಗಿದ ಮೇಲಿನ ಹೊತ್ತು. ಅಕ್ಕ ಸರಣಿಗಳನ್ನು ನೋಡುವ ಕ್ರಮ ಹೀಗೆ: ಕಂತು ಮುಗಿಯುತ್ತದೆ, ಮೂಲೆಯಲ್ಲಿ ಅಂಕಿ ಇಳಿಯುತ್ತದೆ, ಐದು, ನಾಲ್ಕು, ಮೂರು, ಮುಂದಿನ ಕಂತು ತಾನೇ ಶುರು. ಒಂದೊಂದು ದಿನ ನಾಲ್ಕು ಕಂತು. ಆಮೇಲೆ ನೇರ ನಿದ್ದೆ. ಅಯಾ ಬೆನ್-ಯಾಕೊವ್ ಮತ್ತು ಯಾಡಿನ್ ಡುಡಾಯ್ 2011ರಲ್ಲಿ ಜನರಿಗೆ ಕೆಲವೇ ಸೆಕೆಂಡುಗಳ ಸಿನಿಮಾ ತುಣುಕುಗಳನ್ನು ತೋರಿಸಿ ಮಿದುಳಿನ ಚಟುವಟಿಕೆ ಅಳೆದಾಗ ಒಂದು ಸೊಗಸಾದ ವಿಷಯ ಸಿಕ್ಕಿತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಚಟುವಟಿಕೆ ಏರುತ್ತಿದ್ದದ್ದು ತುಣುಕು ಮುಗಿದ ಕೂಡಲೆ. ಆ ಏರಿಕೆ ಎಷ್ಟು ಎಂಬುದರ ಮೇಲೆ ಆ ತುಣುಕು ಮುಂದೆ ನೆನಪಿರುತ್ತದೋ ಇಲ್ಲವೋ ಎಂದು ಊಹಿಸಬಹುದಿತ್ತು. ಘಟನೆ ಮುಗಿದ ಮೇಲೆ ಗಂಟು ಕಟ್ಟುವ ಕೆಲಸ ನಡೆಯುತ್ತದೆ. ತಕ್ಷಣ ಇನ್ನೊಂದು ತುಣುಕು ಬಂದು ನುಗ್ಗಿದರೆ ಆ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಎರಡು ವರ್ಷದ ನಂತರ ಅವರೇ ತೋರಿಸಿದರು. ಕೆಲವು ಸೆಕೆಂಡಿನ ತುಣುಕಿನಲ್ಲಿ ಕಂಡದ್ದನ್ನು ಇಡೀ ಕಂತಿಗೆ ಹಿಗ್ಗಿಸುವುದು ನನ್ನ ಸಾಹಸ, ವಿಜ್ಞಾನಿಗಳದಲ್ಲ. ಆದರೆ ಮಿಖಾಯಿಲಾ ಡಿವಾರ್ ಮತ್ತು ಸಂಗಡಿಗರ 2012ರ ಪ್ರಯೋಗ ಅದಕ್ಕೆ ಸ್ವಲ್ಪ ಬೆಂಬಲ ಕೊಡುತ್ತದೆ. ವಯಸ್ಸಾದವರಿಗೆ ಚಿಕ್ಕ ಕಥೆ ಕೇಳಿಸಿದ ಮೇಲೆ ಹತ್ತು ನಿಮಿಷ ಏನೂ ಮಾಡದೆ ಕತ್ತಲಲ್ಲಿ ಸುಮ್ಮನೆ ಕೂರಿಸಿದರು. ಇನ್ನೊಂದು ಕಥೆಯ ನಂತರ ಹತ್ತು ನಿಮಿಷ ಚಿತ್ರಗಳಲ್ಲಿ ವ್ಯತ್ಯಾಸ ಹುಡುಕುವ ಆಟ ಕೊಟ್ಟರು. ಏಳು ದಿನದ ನಂತರವೂ, ಸುಮ್ಮನೆ ಕೂತಾದ ಮೇಲಿನ ಕಥೆಯೇ ಹೆಚ್ಚು ನೆನಪಿತ್ತು.

ಒಂದೇ ಉಸಿರಿಗೆ ಸರಣಿ ನೋಡುವುದರ ಬಗ್ಗೆ ಮೆಲ್ಬರ್ನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ್ದೂ ಇದೆ. ಒಂದೇ ಸರಣಿಯನ್ನು ಒಂದು ಗುಂಪು ಒಂದೇ ಸಲಕ್ಕೆ, ಇನ್ನೊಂದು ದಿನಕ್ಕೊಂದು ಕಂತಿನಂತೆ, ಮತ್ತೊಂದು ವಾರಕ್ಕೊಂದರಂತೆ ನೋಡಿತು. ಮುಗಿದ ಮರುದಿನ ಒಂದೇ ಸಲಕ್ಕೆ ನೋಡಿದವರೇ ಮುಂದು. 140 ದಿನದ ನಂತರ ನೋಡಿದರೆ ಅವರ ನೆನಪೇ ಎಲ್ಲರಿಗಿಂತ ಹೆಚ್ಚು ಇಳಿದಿತ್ತು.

ಇಷ್ಟು ಹಿಡಿದುಕೊಂಡು ನಾವು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ನೋಡುವ ಮೊದಲು ಪಾತ್ರಗಳ ಹೆಸರು, ಚಿತ್ರ ಇರುವ ಪುಟವನ್ನು ಅಕ್ಕನ ಕೈಗೆ ಕೊಡುವುದು. ಯಾರು ಅಂತ ಕೇಳಿದರೆ ಭಾವ ರೇಗದೆ ಹೇಳುವುದು. ತಾನೇ ಮುಂದಿನ ಕಂತಿಗೆ ಹೋಗುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಆರಿಸಿಬಿಡುವುದು. ಮುಗಿದ ಮೇಲೆ ಹತ್ತು ನಿಮಿಷ ಟಿವಿ, ಫೋನ್ ಎರಡೂ ಬಂದ್. ಆಮೇಲೆ ನನಗೆ ಫೋನ್ ಮಾಡಿ ಕಥೆ ಹೇಳುವುದು. ಕೊನೆಯದನ್ನು ಸೇರಿಸಿದ್ದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದ ನೆನಪಿನಿಂದ. ಓದಿದ ಪಾಠವನ್ನು ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ವಾರದ ನಂತರ ಹೆಚ್ಚು ಹೇಳಿದರು: 42ಕ್ಕೆ ಎದುರಾಗಿ ನೂರಕ್ಕೆ 56.

ಮೊದಲ ಫೋನ್ ಕರೆ ನನ್ನ ಹತ್ತಿರ ಇನ್ನೂ ಇದೆ. "ಒಬ್ಬ ಇರ್ತಾನೆ ಕಣೋ. ಅವನಿಗೆ ಒಬ್ಳು ತಂಗಿ. ಅಲ್ಲ, ಇರು, ತಂಗಿ ಆಮೇಲೆ ಬರೋದು. ಮೊದಲು ಮನೆ ಮಾರ್ತಾರೆ. ಯಾಕೆ ಮಾರ್ತಾರೆ ಅಂದ್ರೆ..." ಇಲ್ಲಿ ಎಂಟು ಸೆಕೆಂಡು ಮೌನ. "ಸಾಲಕ್ಕೆ! ಆ ಸಾಲ ಮಾಡಿದ್ದು ತಂಗಿಗೋಸ್ಕರ. ಹೌದು, ಅದಕ್ಕೇ ಅವಳು ವಾಪಸ್ ಬರೋದು." ಆ ಎಂಟು ಸೆಕೆಂಡಿನಲ್ಲಿ ಕೊಂಡಿ ಸೇರುವುದು ನನಗೆ ಈ ಕಡೆಯಿಂದ ಕೇಳಿಸಿದಂತಿತ್ತು.

ಹನ್ನೆರಡು ವಾರದಲ್ಲಿ ಹದಿನಾಲ್ಕು ಸಿನಿಮಾ. ಒಂಬತ್ತನ್ನು ಹೀಗೆ ಹೇಳಿಸಿದೆವು, ಐದನ್ನು ಹಳೇ ಕ್ರಮದಲ್ಲೇ ಬಿಟ್ಟೆವು. ಮೂರು ವಾರದ ನಂತರ ಕೇಳಿದಾಗ ಒಂಬತ್ತರಲ್ಲಿ ಏಳರ ಕಥೆ ಕೊನೆಯವರೆಗೆ ಬಂತು, ಐದರಲ್ಲಿ ಒಂದರದು. ಇದನ್ನು ಪ್ರಯೋಗ ಅನ್ನಲು ನನಗೇ ನಾಚಿಕೆ. ಕೇಳುತ್ತಾನೆ ಅಂತ ಗೊತ್ತಿದ್ದರೆ ಯಾರಾದರೂ ಚೂರು ಹೆಚ್ಚು ಗಮನ ಕೊಟ್ಟೇ ಕೊಡುತ್ತಾರೆ. ಹೇಳಿಸಿದ ಎರಡು ಯಾಕೆ ನಿಲ್ಲಲಿಲ್ಲ? ಒಂದರಲ್ಲಿ ಕಾಲ ಹಿಂದೆ ಮುಂದೆ ಜಿಗಿಯುತ್ತಿತ್ತು, ಇನ್ನೊಂದಕ್ಕೆ ಹೇಳಿಕೊಳ್ಳುವಂಥ ಕಥೆಯೇ ಇರಲಿಲ್ಲ. ಹೇಳಿಸದೆಯೂ ನಿಂತ ಆ ಒಂದು, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಮಗಳದು. ಅದು ನಿಂತದ್ದಕ್ಕೆ ಕಾರಣ ಹುಡುಕುವ ಅಗತ್ಯ ಬರಲಿಲ್ಲ. ಸರಣಿಗಳಲ್ಲಿ ಮಾತ್ರ ನಾವು ಸೋತೆವು. ಇಪ್ಪತ್ತು ಪಾತ್ರದ ಸರಣಿಯ ಪ್ರತಿ ಕಂತಿಗೂ ಫೋನ್ ಮಾಡಿ ಹೇಳುವುದು ಅಂದರೆ ಮನರಂಜನೆ ಹೋಗಿ ಮನೆಪಾಠವಾಯಿತು. ಹೊಸ ಸೀಸನ್ ಬಂದಾಗ ಹಳೆಯದರ ಸಾರಾಂಶ ಓದಿಕೊಳ್ಳುವುದೇ ಸಾಕು ಅಂತ ಕೈಬಿಟ್ಟೆವು. ಆ ಸಾರಾಂಶಗಳನ್ನು ಓದುವವರು ಲಕ್ಷಾಂತರ ಇರದಿದ್ದರೆ ಯಾರು ತಾನೇ ಬರೆಯುತ್ತಿದ್ದರು?

ಒಂದು ಸಂಗತಿ ಈ ಲೆಕ್ಕಕ್ಕೆ ಸಿಗಲಿಲ್ಲ. ಹತ್ತನೇ ವಾರ ಭಾವ ಹಳೇ ಸಿನಿಮಾ ಒಂದನ್ನು ಆರಿಸಿ ಇನ್ನೇನು ಹಾಕಬೇಕು, ಅಕ್ಕ "ಅದು ಬೇಡ" ಅಂದಳು. ನೋಡಿದ್ದೀಯಾ? ನೆನಪಿಲ್ಲ. ಕಥೆ? ಗೊತ್ತಿಲ್ಲ. ಮತ್ತೆ ಯಾಕೆ? "ಬೇಡ ಅಷ್ಟೇ. ಏನೋ ಸಂಕಟ ಆಗುತ್ತೆ." ಭಾವ ನನ್ನ ಕಿವಿಯಲ್ಲಿ, ಅದರಲ್ಲಿ ಮಗು ಸಾಯುತ್ತೆ ಅಂದರು. ಹನ್ನೊಂದು ವರ್ಷದ ಹಿಂದೆ ಅದನ್ನು ನೋಡಿ ರಾತ್ರಿಯಿಡೀ ಅತ್ತಿದ್ದಳಂತೆ.

ಅಯೋವಾ ವಿಶ್ವವಿದ್ಯಾಲಯದ ಜಸ್ಟಿನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು 2010ರಲ್ಲಿ, ಹಿಪೊಕ್ಯಾಂಪಸ್‌ಗೆ ಹಾನಿಯಾಗಿ ಹೊಸ ನೆನಪು ನಿಲ್ಲದ ಐವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ಸ್ವಲ್ಪ ಹೊತ್ತಿಗೆ ತುಣುಕಿನ ವಿವರಗಳು ಮನಸ್ಸಿನಿಂದ ಹೋದವು. ದುಃಖ ಹೋಗಲಿಲ್ಲ. ಯಾತಕ್ಕೆ ಎಂದು ತಿಳಿಯದೆಯೇ ಅವರು ದುಃಖದಲ್ಲಿದ್ದರು. ಅಮ್ಮನ ಕೊನೆಯ ದಿನಗಳಲ್ಲಿ, ನಾವು ಬಂದು ಹೋದದ್ದು ನೆನಪಿಲ್ಲದಿದ್ದರೂ ಸಂಜೆಯವರೆಗೆ ಗೆಲುವಾಗಿರುತ್ತಿದ್ದಳಲ್ಲ, ಅದನ್ನು ಅಕ್ಕನೇ ನೆನಪಿಸಿದಳು. ಆ ಸಿನಿಮಾವನ್ನು ನಾವು ಹಾಕಲಿಲ್ಲ.

ಹನ್ನೆರಡು ವಾರ ಮುಗಿದ ಮೇಲೆ ಪಾತ್ರಗಳ ಪುಟ ಉಳಿದಿದೆ, ಆಟೋಪ್ಲೇ ಈಗಲೂ ಬಂದ್. ಭಾವ ಕೇಳುವ ಮೊದಲೇ "ಇವನು ಲಾಯರು" ಅಂತ ಪಿಸುಗುಟ್ಟುವುದು ಎಷ್ಟು ಜಾಸ್ತಿಯಾಗಿದೆಯೆಂದರೆ ಈಗ ರೇಗುವ ಸರದಿ ಅಕ್ಕನದು. ಫೋನ್ ಕರೆ ವಾರಕ್ಕೊಂದು ಬರುತ್ತದೆ, ಅವಳಿಗೆ ಹಿಡಿಸಿದ ಸಿನಿಮಾ ಆದರೆ ಮಾತ್ರ. ನೋಡಿದ್ದನ್ನೇ ಮತ್ತೆ ಹಾಕಬಾರದು ಅಂತ ಒಂದು ನೋಟ್ ಪುಸ್ತಕ ಇಟ್ಟಿದ್ದಾಳೆ. ಲೆಕ್ಕದ ಪುಸ್ತಕದ ಹಾಗೆ ಗೆರೆ ಹಾಕಿ ತಾರೀಕು, ಹೆಸರು, ಒಂದೆರಡು ಸಾಲು ಕಥೆ. ಮೊನ್ನೆ ತಿರುವಿ ಹಾಕಿದೆ. ಪತ್ತೇದಾರಿ ಸಿನಿಮಾಗಳ ಮುಂದೆ ಮಾತ್ರ ಕಥೆಯ ಜಾಗ ಖಾಲಿ ಇತ್ತು.

"ಇದ್ಯಾಕೆ ಬಿಟ್ಟಿದ್ದೀಯೆ?"

ಪುಸ್ತಕ ಕಿತ್ತುಕೊಂಡಳು. "ಅವನ್ನ ಮತ್ತೆ ನೋಡ್ಬೇಕು ಕಣೋ."